ಆರುನೂರ ಹನ್ನೊಂದು

ಸೇತುವೆಯ ನಟ್ಟನಡುವೆ ನನ್ನ ಬ್ಯೂಯಿಕ್ ಸತ್ತಿತು.
ಜನವರಿ. ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ.
ಕೆಳಗೆ ಮಹೋನಿಂಗ್ ಹೊಳೆ, ಅರ್ಧ ಹೆಪ್ಪುಗಟ್ಟಿ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಎಂಟು ತಾಸು
ಯಾರ್ಯಾರದೋ ಹಾಸಿಗೆ ಬಟ್ಟೆ ಮಡಚಿದ ಕೈಯಲ್ಲೇ
ಬಾನೆಟ್ ಎತ್ತಿ ನೋಡಿದೆ. ನೋಡಿದರೆ ನನಗೇನು ತಿಳಿದೀತು?
ಯಂಗ್ಸ್‌ಟೌನಿನಲ್ಲಿ ಬಸ್ಸುಗಳು ಒಂಬತ್ತಕ್ಕೇ ಮಲಗಿಬಿಡುತ್ತವೆ.

ಡೀಲರ್ ಕಾಫಿ ಕೊಟ್ಟ. ಹೆಸರು ರಸ್ಟಿ.
ಹಲ್ಲು ಮಾತ್ರ ಹೊಸದು, ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್.
"ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ? ಅಷ್ಟು ಹೇಳಿ, ಸಾಕು."
ಮುನ್ನೂರು ಅಂದೆ.
ಎಪ್ಪತ್ತೆರಡು ತಿಂಗಳ ಉದ್ದಕ್ಕೆ ಬಗ್ಗಿಸಿ, ಬಳುಕಿಸಿ,
ಸರಿಯಾಗಿ ಮುನ್ನೂರಕ್ಕೇ ತಂದು ನಿಲ್ಲಿಸಿದ.
ಒಟ್ಟು ಎಷ್ಟಾಯಿತು, ಅಂತ ಕೇಳಿದೆ.
ಕಿಟಕಿಯಾಚೆ ಹಿಮ ಬೀಳುವುದನ್ನು ತೋರಿಸಿದ.
ಹದಿಮೂರು ಸಾವಿರದ ಕಾರಿಗೆ ಇಪ್ಪತ್ತೊಂದು ಸಾವಿರದ ಆರುನೂರು.
ಕಾಫಿಯನ್ನು ಪೂರ್ತಿ ಕುಡಿದೇ ಎದ್ದು ಬಂದೆ.

ನಾನು ಆರುನೂರ ಹನ್ನೊಂದು.
ನನ್ನ ಮುಖವನ್ನೇ ಕಾಣದ ಮೂರು ಕಂಪನಿಗಳು
ಹಾಗಂತ ತೀರ್ಮಾನಿಸಿವೆ.
ಅವ್ವನ ಶವಪೆಟ್ಟಿಗೆಯನ್ನು ಕಾರ್ಡು ಉಜ್ಜಿ ತಂದ ವರ್ಷ
ಎರಡು ಕಂತು ತಪ್ಪಿದ್ದು ಅವರಿಗೆ ಚೆನ್ನಾಗಿ ನೆನಪಿದೆ.
ಹದಿನೇಳು ವರ್ಷ ಒಂದು ದಿನವೂ ತಡವಾಗದೆ ಬಾಡಿಗೆ ಕೊಟ್ಟದ್ದನ್ನು
ಯಾರೂ ಅವರಿಗೆ ಹೇಳಿಲ್ಲ.

ಚರ್ಚಿನ ಹಿಂದೆ ಒಂದು ಸಾಲದ ಸಂಘ,
ಉಕ್ಕಿನ ಕಾರ್ಖಾನೆಯವರು ಕಟ್ಟಿಕೊಂಡದ್ದು.
ಕಾರ್ಖಾನೆ ಹೋಯಿತು. ಸಂಘ ಇದೆ.
ಕಿಟಕಿಯೊಳಗೆ ಮಿಸೆಸ್ ಹುದಾಕ್ ಇದ್ದಾಳೆ,
ಇಂದಿಗೂ ಪೆನ್ಸಿಲಿನಲ್ಲೇ ಬಡ್ಡಿ ಹಾಕುತ್ತಾಳೆ.
"ಸಾಲಕ್ಕೆ ಅಲೆಯುವುದಾದರೆ ಹದಿನಾಲ್ಕು ದಿನದೊಳಗೆ ಅಲೆದು ಮುಗಿಸು.
ಹತ್ತು ಬಾಗಿಲು ತಟ್ಟಿದರೂ ಒಂದೇ ಬಾಗಿಲ ಲೆಕ್ಕ.
ತಿಂಗಳುಗಟ್ಟಲೆ ಎಳೆದೆಯೋ, ಒಂದೊಂದಕ್ಕೂ ಒಂದೊಂದು ಗೀರು.
ಅದಕ್ಕೂ ಮೊದಲು ನಿನ್ನ ವರದಿ ತರಿಸಿ ಓದು.
ಪುಕ್ಕಟೆ ಸಿಗುತ್ತದೆ. ಅದಕ್ಕೇ ಯಾರೂ ಓದುವುದಿಲ್ಲ."

ಓದಿದೆ, ಅಡುಗೆಮನೆಯಲ್ಲಿ, ನಿಂತುಕೊಂಡೇ.
ನಾಲ್ಕನೆಯ ಪುಟದಲ್ಲಿ ನಾನಲ್ಲದ ನಾನು:
ವರ್ನಿತಾ ಹಾಬ್ಸ್, ಆಕ್ರನ್. ಆಂಬುಲೆನ್ಸ್.
ಎಂಟುನೂರ ನಲವತ್ತು ಡಾಲರ್, ವಸೂಲಿಗೆ ಹೋಗಿದೆ.
ಹೆಸರು ನನ್ನದೇ. ಹುಟ್ಟಿದ ತಿಂಗಳೂ.
ಆಕ್ರನ್ನಿನಲ್ಲಿ ನಾನು ಎಂದೂ ಕುಸಿದು ಬಿದ್ದವಳಲ್ಲ.

ಪತ್ರ ಬರೆದೆ: ಇವಳು ನಾನಲ್ಲ.
ಮೂರೂ ಕಂಪನಿಗೆ, ಮೂರು ಸಲ.
ಮೂರನೆಯ ಸಲ ಬರೆಯುವಾಗ
ಆ ಮಾತು ಬೇರೆ ಯಾರೋ ಅಂದಂತೆ ಕೇಳಿಸಿತು.
ಎಲ್ಲಿ ಬಿದ್ದಳೋ, ಮೆಟ್ಟಿಲ ಮೇಲೋ, ಕೆಲಸದಲ್ಲೋ.
ಅವಳು ಮಲಗೆದ್ದ ಹಾಸಿಗೆಯ ಬಟ್ಟೆಯನ್ನು
ಯಾವ ಲಾಂಡ್ರಿಯಲ್ಲಿ ಯಾರು ಮಡಚಿದರೋ.
ನನ್ನ ಬೆನ್ನಿಂದ ಇಳಿದದ್ದು ನೆಲಕ್ಕೆ ಬೀಳಲಿಲ್ಲ.
ಅವಳ ಬೆನ್ನು ಹುಡುಕಿಕೊಂಡು ಹೊರಟಿತು.

ಉತ್ತರಕ್ಕೆ ಒಂದು ತಿಂಗಳು ಕಾದೆ.
ಅಷ್ಟು ದಿನ ಡೆಸ್ಮಂಡ್‌ನ ಟ್ರಕ್ಕಿನಲ್ಲಿ ಬಂದೆ ಹೋದೆ;
ಪೆಟ್ರೋಲಿಗೆ ಐದು ಡಾಲರ್, ಅವನ ಹಾಡಿಗೆ ನನ್ನ ಕಿವಿ.

ಈಗ ಆರುನೂರ ಐವತ್ತೆರಡು.
ಎತ್ತರವಾಗಿಲ್ಲ, ತೂಕ ಕೂಡ ಅಷ್ಟೇ ಇದೆ.
ಮಿಸೆಸ್ ಹುದಾಕ್ ಪೆನ್ಸಿಲು ಚೂಪು ಮಾಡಿದಳು.
ಕೈಯಿಂದ ಒಂದು ಸಾವಿರ, ಉಳಿದ ಹನ್ನೆರಡಕ್ಕೆ
ಒಂಬತ್ತು ಪರ್ಸೆಂಟು, ನಲವತ್ತೆಂಟು ತಿಂಗಳು.
ಅದೇ ಮುನ್ನೂರು. ಎರಡು ವರ್ಷ ಕಡಿಮೆ.
ಆ ಎರಡು ವರ್ಷ ರಸ್ಟಿಯ ಹಲ್ಲಿಗೆ ಹೋಗಬೇಕಾಗಿತ್ತು.

ಬೂದು ಬಣ್ಣದ ಟೊಯೋಟಾ. ಬಲಗಡೆ ಹೀಟರು ಬೆಚ್ಚಗೆ,
ನಾನು ಕೂರುವ ಕಡೆ ತಣ್ಣಗೆ ಊದುತ್ತದೆ.
ಸಂಬಳವಾದ ಮೂರನೆಯ ದಿನ ಕಂತು ತಾನಾಗಿ ಹೋಗುತ್ತದೆ.
ಕಾರ್ಡು ಹಿಟ್ಟಿನ ಡಬ್ಬಿಯಲ್ಲಿದೆ, ತಳದಲ್ಲಿ.
ಸೇತುವೆ ಬಂದರೆ ಮಾತ್ರ ಇನ್ನೂ ಉಸಿರು ಬಿಗಿಹಿಡಿಯುತ್ತೇನೆ.
ಆಂಬುಲೆನ್ಸ್ ಕೂಗಿದರೆ
ಎಲ್ಲರಂತೆ ಬದಿಗೆ ಸರಿದು ದಾರಿ ಬಿಡುತ್ತೇನೆ.
ಎಲ್ಲರೂ ಹೊರಟ ಮೇಲೂ
ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ.