ಅದರ್

ನನ್ನ ಯಂತ್ರದಲ್ಲಿ ಎ ಅಕ್ಷರ ಆಗಾಗ ಸಿಕ್ಕಿಕೊಳ್ಳುತ್ತದೆ.
ಒತ್ತಿದರೆ ಏಳುತ್ತದೆ, ರಿಬ್ಬನ್ನಿನ ತನಕ ಹೋಗಿ,
ಬಾಗಿಲಲ್ಲಿ ಚಪ್ಪಲಿ ಎಣಿಸಿ ಹಿಂದಿರುಗಿದ ನೆಂಟನ ಹಾಗೆ
ತನ್ನ ಜಾಗಕ್ಕೆ ವಾಪಸು.

ಕಾಸರಗೋಡಿನ ತಾಲೂಕು ಕಚೇರಿಯೆದುರು
ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಇಪ್ಪತ್ತಾರು ವರ್ಷ.
ಮಲಯಾಳದಲ್ಲಿ ಅಳುತ್ತಾರೆ, ತುಳುವಿನಲ್ಲಿ ಬೈಯುತ್ತಾರೆ,
ನಾಳೆ ಯೋಚಿಸಿ ಬರುತ್ತೇನೆ ಅನ್ನುವುದು ಕನ್ನಡದಲ್ಲಿ.
ಎಲ್ಲವನ್ನೂ ಇಂಗ್ಲಿಷಿಗೆ ಹಾಕಿ
ಪುಟಕ್ಕೆ ನಲವತ್ತು ತೆಗೆದುಕೊಳ್ಳುತ್ತೇನೆ.

ಮೊಗ್ರಾಲಿನ ಮೊಯ್ದಿಂಞಿಗೆ ಒಮ್ಮೆ ಅನುಭವ ಪತ್ರ ಹೊಡೆದೆ:
ಹಿ ಹ್ಯಾಸ್ ಎ ಲಿಟಲ್ ನಾಲೆಜ್ ಆಫ್ ಎಂಜಿನ್ಸ್.
ಎ ಏಳಲಿಲ್ಲ.
ಎ ಲಿಟಲ್ ಅಂದರೆ ಒಂದಿಷ್ಟು ಗೊತ್ತು,
ಬರೀ ಲಿಟಲ್ ಅಂದರೆ ಗೊತ್ತಿರುವುದು ಅಷ್ಟಕ್ಕಷ್ಟೇ.
ಬೋಟು ಕಂಪನಿಯವರು ಕಾಗದವನ್ನು ಮಡಚಿ ಹಿಂದಕ್ಕೆ ಕೊಟ್ಟರು.
ಎರಡು ದಿನ ಬಿಟ್ಟು ಬಂದವನು ಬೈಯಲಿಲ್ಲ,
ಸೀಮೆಎಣ್ಣೆಯಲ್ಲಿ ಹತ್ತಿ ಅದ್ದಿ ಆ ಕೀಲಿಯ ಬುಡ ಒರೆಸಿದ.
ಮೂರು ತಿಂಗಳು ಚೆನ್ನಾಗಿ ನಡೆಯಿತು.
ಎಂಜಿನ್ನು ಅವನಿಗೆ ಗೊತ್ತಿತ್ತು.

ನೀರ್ಚಾಲಿನ ದೇಯಕ್ಕು ಬಂದದ್ದು ತಮ್ಮನ ಹಿಂದೆ.
ಐತಪ್ಪನಿಗೆ ಎಣ್ಣೆ ಗಿರಣಿಗೆ ಸಾಲ ಬೇಕು,
ಸಾಲಕ್ಕೆ ಅಕ್ಕನ ಒಪ್ಪಿಗೆ ಬೇಕು,
ಒಪ್ಪಿಗೆಗೆ ಇಂಗ್ಲಿಷ್ ಬೇಕು.
ಕರಡು ಅವನೇ ತಂದಿದ್ದ:
ಐ ಡ್ರಾ ವಾಟರ್ ಫ್ರಮ್ ದ ನಾರ್ದರ್ನ್ ವೆಲ್
ಆಂಡ್ ಹ್ಯಾವ್ ನೋ ಕ್ಲೇಮ್ ಆನ್ ದ ಪ್ರಾಪರ್ಟಿ.
ತುಳುವಿನಲ್ಲಿ ಓದಿ ಹೇಳಿದೆ.
ಹೆಬ್ಬೆರಳನ್ನು ಸೆರಗಿಗೆ ಒರೆಸುತ್ತ
ಎಂಕ್ ದಾಲ ಬೊಡ್ಚಿ, ಅಂದಳು. ನನಗೇನೂ ಬೇಡ.
ಆಮೇಲೆ, ಯಾರಿಗೂ ಅಲ್ಲವೆಂಬಂತೆ:
ನೀರೊಂಜಿ ಯಾವು.

ಕನ್ನಡದಲ್ಲಿ ಹಾಕಿ ನೋಡಿದೆ.
ನೀರು ಸಾಕು ಅಂದರೆ ಲೋಟಕ್ಕೆ ಅಂಗೈ ಮುಚ್ಚುವುದು,
ನೀರೇ ಸಾಕು ಅಂದರೆ ಲೋಟ ಚಾಚುವುದು.
ನಡುವೆ ಇರುವುದು ಒಂದು ಏ.
ಯಂತ್ರದ್ದಲ್ಲ, ನಮ್ಮದು, ಸೀಮೆಎಣ್ಣೆ ಕೇಳದ್ದು.
ಅದನ್ನು ಇಂಗ್ಲಿಷಿನಲ್ಲಿ ಎಲ್ಲಿ ಹಚ್ಚುವುದು?

ನೋ ಮತ್ತು ಕ್ಲೇಮ್ ನಡುವೆ ಸ್ವಲ್ಪ ಜಾಗ ಇತ್ತು,
ಬಸ್ಸಿನ ಸೀಟಲ್ಲಿ ಒಬ್ಬರು ಒತ್ತಿ ಕೂತರೆ
ಇನ್ನೊಬ್ಬರಿಗೆ ಆಗುವಷ್ಟು.
ನೋ ಅದರ್ ಕ್ಲೇಮ್, ಎಂದು ಹೊಡೆದೆ.
ಬೇರೆ ಹಕ್ಕಿಲ್ಲ ಅಂದ ಕೂಡಲೇ
ಸೇದುವುದೂ ಒಂದು ಹಕ್ಕಾಗಿ ಕೂತಿತು.
ಕನ್ನಡದ ಕಣ್ಣಿಗೆ ಅದು ಅದರ ಅಂದ ಹಾಗೇ ಕಾಣುತ್ತದೆ.
ಯಾವುದರ? ಬಾವಿಯದು, ರಾಟೆಯದು,
ಕಟ್ಟೆಯ ಅಂಚಲ್ಲಿ ಹಗ್ಗ ಕೊರೆದ ಗೀರಿನದು.

ಐತಪ್ಪ ಓದಿದ. ಬೆರಳು ಅಲ್ಲಿ ನಿಲ್ಲಲಿಲ್ಲ,
ತನ್ನ ಹೆಸರಿನ ಮೇಲೆ ನಿಂತಿತು.
ಎರಡು ಪಿ ಬೇಕು, ಅಂದ. ಹಾಕಿದೆ.

ಮಾಡಬಾರದಿತ್ತು. ಹೇಳಿದ್ದನ್ನು ಹೊಡೆಯುವವರು
ಹೇಳದ್ದನ್ನು ಹೊಡೆಯಬಾರದು.
ರಾತ್ರಿ ಎಚ್ಚರವಾದರೆ ಯೋಚನೆ ಇದಲ್ಲ,
ಸೇರಿಸಿದ್ದು ಒಂದು; ಬಿಟ್ಟವು ಎಷ್ಟೋ, ಯಾರ್‍ಯಾರ ಕಾಗದದಲ್ಲೋ.

ಕಳೆದ ವರ್ಷ ಆ ಜಾಗ ಕೈ ಬದಲಾಯಿತು.
ಕೊಂಡವರು ಸುತ್ತ ಕೆಂಪುಕಲ್ಲು ಕಟ್ಟಿದರು.
ಬಾವಿಯ ಬದಿಗೆ ಮಾತ್ರ
ಕೊಡಪಾನ ಹೊತ್ತ ಒಬ್ಬರು ಓರೆಯಾಗಿ ತೂರುವಷ್ಟು ಬಿಟ್ಟಿದ್ದಾರೆ,
ಬಿಡಲೇಬೇಕೆಂದು ವಕೀಲರು ಹೇಳಿದರಂತೆ.

ಮೊನ್ನೆ ಪಿಂಚಣಿ ಅರ್ಜಿಗೆ ಬಂದಿದ್ದಳು ದೇಯಕ್ಕು.
ಅಂದು ಏನೋ ಒಂದು ಶಬ್ದ ಹೆಚ್ಚು ಹಾಕಿದಿರಂತೆ,
ಅದಕ್ಕೆಷ್ಟು?
ಪುಟಕ್ಕೆ ಲೆಕ್ಕ, ಶಬ್ದಕ್ಕಲ್ಲ, ಅಂದೆ.
ಐವತ್ತರ ನೋಟು ಯಂತ್ರದ ಮೇಲಿಟ್ಟು ಹೊರಟಳು.
ಚಿಲ್ಲರೆ ಬೋಡು ಅಂದಳೋ, ಬೊಡ್ಚಿ ಅಂದಳೋ,
ಬದಿಯಡ್ಕ ಬಸ್ಸಿನ ಹಾರ್ನಿನಲ್ಲಿ ಕೇಳಲಿಲ್ಲ.