ಹಂಪನಕಟ್ಟೆಯಲ್ಲಿ ಇವತ್ತಿನ ದರ

ಒಂಬತ್ತೂವರೆಗೆ ಶಟರ್ ಎತ್ತಿ ಪರದೆ ಹೊತ್ತಿಸುತ್ತೇನೆ.
ದಿರ್ಹಂ, ರಿಯಾಲ್, ಕುವೈತಿನ ದಿನಾರು,
ಒಂದೊಂದಕ್ಕೂ ಒಂದೊಂದು ಗೆರೆ. ಬಣ್ಣ ನನ್ನದೇ ಆಯ್ಕೆ.

ಗೆರೆ ಹತ್ತಿತೆಂದರೆ ರೂಪಾಯಿ ಜಾರಿತೆಂದರ್ಥ.
ಆ ದಿನ ನಮ್ಮ ಬೆಂಚಿನಲ್ಲಿ ಜಾಗವಿಲ್ಲ.
ಉಳ್ಳಾಲದ ಮೈಮೂನಾ ಮೂರು ವಾರದಿಂದ
ಬರುತ್ತಾರೆ, ನೋಡುತ್ತಾರೆ, ಪರ್ಸಿನ ಜಿಪ್ ಎಳೆದು ಹೋಗುತ್ತಾರೆ:
"ಇನ್ನೊಂದು ಹತ್ತು ಪೈಸೆ ಏರಲಿ."
ಶಾಲೆಯ ಫೀಸಿಗೆ ಶನಿವಾರ ಕಡೆಯ ದಿನ.

ಹನ್ನೊಂದಕ್ಕೆ ಬಂದರಿನಿಂದ ಅಪ್ಪಿಯಕ್ಕ.
ಬುಟ್ಟಿ ಹೊರಗಿಟ್ಟು, ಸೊಂಟದ ಚೀಲದಿಂದ
ಒದ್ದೆ ಇಪ್ಪತ್ತು ದಿರ್ಹಂ. ಯಾರೋ ಅವಸರದಲ್ಲಿ ಕೊಟ್ಟದ್ದಂತೆ.
ಪರದೆಗೆ ಬೆರಳಿಟ್ಟು ಉದ್ದಕ್ಕೆ ಎಳೆದರು:
"ಇದೆಂತ, ಇಸಿಜಿಯಾ?"

ಹೇಳಿದೆ. ಇದು ನಿನ್ನೆ, ಇದು ಇವತ್ತು, ಇಷ್ಟು ಏರಿದೆ.

"ಬಂಗುಡೆಗೆ ಏಳಕ್ಕೊಂದು ರೇಟು, ಹತ್ತಕ್ಕೊಂದು.
ಬಿಸಿಲೇರಿದ ಮೇಲೆ ಬೆಕ್ಕಿಗೂ ಬೇಡ.
ಅದಕ್ಕೆ ಯಾರು ಗೆರೆ ಎಳೀತಾರೆ ಮಾರಾಯ?"

ರೂಪಾಯಿ ಎಣಿಸಿಕೊಟ್ಟೆ. ಅವರು ಇನ್ನೊಮ್ಮೆ ಎಣಿಸಿ ಹೋದರು.

ಗಾಜಿನ ಮೇಲೆ ದಿರ್ಹಮಿಗೆ ಅಡ್ಡವಾಗಿ
ಜಿಡ್ಡಿನದೊಂದು ಗೆರೆ, ಕೊನೆಯಲ್ಲಿ ಮೀನಿನ ಪೊರೆ.
ಒರೆಸಬೇಕು.
ಅಷ್ಟರಲ್ಲಿ ಮಧ್ಯಾಹ್ನದ ದರ ಬಂತು,
ಅದರ ಹಿಂದೆಯೇ ಮೈಮೂನಾ.