ಅಚ್ಚುಮೊಳೆ

ಬಳೇಪೇಟೆಯ ಆ ಪ್ರೆಸ್ಸಿನಲ್ಲಿ ಮೊದಲು ಸವೆದದ್ದು 'ಶಿ'.
ಆಮೇಲೆ 'ಸು', ಅದರಡಿಯ ತ-ಒತ್ತು.
ಗೋಡೆಗೋಡೆಗೂ ಶಿಸ್ತು ಬೇಕಿತ್ತು ಆ ವರ್ಷ,
ಸಿಟಿ ಬಸ್ಸಿನ ಬೆನ್ನಿಗೂ, ಹಾಲಿನ ಕಾರ್ಡಿಗೂ.

ಪಿಳ್ಳಪ್ಪ ಮೇಸ್ತ್ರಿ ಮದರಾಸಿಗೆ ಹೋಗಿ ಹೊಸ ಮೊಳೆ ತಂದರು.
ಫೌಂಡ್ರಿಯವನು ಕೇಳಿದನಂತೆ:
ಏನ್ರೀ, ಬೆಂಗಳೂರಲ್ಲಿ ಬೇರೆ ಮಾತೇ ಆಡಲ್ವಾ?

ಕರಡು ತಿದ್ದುವ ಸಾಹೇಬರು ಬರುತ್ತಿದ್ದರು
ಬೈಟೂ ಕಾಫಿಯ ಹೊತ್ತಿಗೆ ಸರಿಯಾಗಿ.
'ಬೆಲೆಯೇರಿಕೆ' ಹೊಡೆದು 'ಹೊಂದಾಣಿಕೆ',
'ಬಂಧನ'ದ ನೆತ್ತಿಗೆ 'ರಕ್ಷಣೆ'.
ಮುದ್ದಾದ ಕೈಬರಹ. ಕೆಂಪು ಶಾಯಿ.
ಕಾಗುಣಿತದ ತಪ್ಪನ್ನೂ ಬಿಡುತ್ತಿರಲಿಲ್ಲ, ಪುಣ್ಯಾತ್ಮ.

ನಾವು ಮೊಳೆ ಜೋಡಿಸುವವರು,
ಸೀಸದಲ್ಲಿ ಎಲ್ಲವೂ ತಲೆಕೆಳಗೆಂದು ಬಲ್ಲವರು.
ಆದರೂ ಸಂಜೆ ಕಬ್ಬನ್‌ಪೇಟೆಯ ಗೋಡೆಯಲ್ಲಿ
ಅದೇ ಸಾಲು ನೆಟ್ಟಗೆ ನಿಂತಿದ್ದು ಕಂಡಾಗ
ನಂಬಿದೆ.
ನಾನೇ ಜೋಡಿಸಿದ್ದು. ನಂಬಿದೆ.

ಟ್ರೆಡಲ್ ತುಳಿಯುವ ಅಂತೋಣಿ ಒಂದು ದಿನ ಬರಲಿಲ್ಲ.
ಎರಡು ದಿನ.
ಅವನ ಟಿಫನ್ ಡಬ್ಬಿ ಕಿಟಕಿಯಲ್ಲೇ ಇತ್ತು.
ತುಳಿಯಲು ಬೇರೆ ಕಾಲು ಸಿಕ್ಕಿತು.

ಮೊನ್ನೆ ಪ್ರೆಸ್ ಮುಚ್ಚಿ ಸೀಸವನ್ನೆಲ್ಲ ತೂಕಕ್ಕೆ ಹಾಕಿದೆವು.
ಕೇಸಿನ ಮೂಲೆಯ ಮನೆಯಲ್ಲಿ
ಪ್ರಶ್ನೆ ಚಿಹ್ನೆಗಳು, ಒಂದು ಹಿಡಿ,
ಮಸಿಯೇ ತಾಗದವು, ಹೊಚ್ಚ ಹೊಸವು.

ಗುಜರಿಯವನು ಅವನ್ನೂ
ಅದೇ ದರಕ್ಕೆ ತೂಗಿದ.